ಕೈ ಎತ್ತದ ತರಗತಿ

ನಾನು ಮಂಗಳೂರಿನ ರೇಡಿಯೊ ಕೇಂದ್ರವೊಂದರಲ್ಲಿ ಉದ್ಘೋಷಕಿ. ಎರಡು ವರ್ಷದ ಹಿಂದೆ ಬಲ್ಮಠದ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಓದುವ ಮಕ್ಕಳ ಜೊತೆ ಮಾತಾಡಲು ಕರೆದಿದ್ದರು. ಹೋದವಳೇ, “ರೇಡಿಯೊ ಕೇಳುವವರು ಕೈ ಎತ್ತಿ” ಎಂದೆ. ಒಂದು ಕೈಯೂ ಮೇಲೇಳಲಿಲ್ಲ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು: “ಬೇಸರ ಮಾಡ್ಬೇಡಿ ಮೇಡಂ. ನಮಗೆ ಬೇಕಾದದ್ದು ಮೊಬೈಲಲ್ಲಿ ಉಂಟು. ನೀವು ಹಾಕಿದ್ದನ್ನೇ ಯಾಕೆ ಕೇಳ್ಬೇಕು?”

ಬೇಸರವಾಗಲಿಲ್ಲ. ನ್ಯಾಯವಾದ ಪ್ರಶ್ನೆ. ಬರೆದುಕೊಂಡು ಹೋಗಿದ್ದ ಭಾಷಣವನ್ನು ಚೀಲದಲ್ಲೇ ಬಿಟ್ಟು ಅವಳನ್ನು ಮೈಕಿನ ಮುಂದೆ ಕರೆದೆ, ಪೇಪರಿನ ಹವಾಮಾನ ಸುದ್ದಿ ಓದಿಸಿದೆ. ಒಂದೇ ಉಸಿರಿಗೆ ಓದಿ ಮುಗಿಸಿದಳು.

“ಯಾರಿಗೆ ಹೇಳಿದ್ದು ಇದನ್ನು?”

“ಎಲ್ಲರಿಗೆ.”

“ಎಲ್ಲರಿಗೆ ಬೇಡ. ಒಬ್ಬರಿಗೆ ಹೇಳು.”

ಪೇಪರು ಮಡಚಿ ಬದಿಗಿಟ್ಟಳು. ಆಮೇಲೆ ಕುವೈತಿನಲ್ಲಿ ನರ್ಸ್ ಆಗಿರುವ ತನ್ನ ಅಮ್ಮನಿಗೆ ಕೊಂಕಣಿಯಲ್ಲಿ ಹೇಳತೊಡಗಿದಳು: ಇಲ್ಲಿ ಮಳೆ ಶುರುವಾಯಿತು, ಟೆರೇಸಿನ ಬಟ್ಟೆಯೆಲ್ಲ ಒದ್ದೆ, ನಾನು ಮಾಡಿದ ಬಂಗುಡೆ ಮೀನಿನ ಸಾರಿಗೆ ಉಪ್ಪು ಜಾಸ್ತಿಯಾದರೂ ಅಪ್ಪ ಮಾತಾಡದೆ ಉಂಡರು. ನನಗೆ ಕೊಂಕಣಿ ಅರೆಬರೆ, ಆದರೂ ಅಷ್ಟು ತಿಳಿಯಿತು. ನಗುತ್ತಿದ್ದ ತರಗತಿ ಮೆಲ್ಲಗೆ ಮೊಬೈಲು ಕೆಳಗಿಟ್ಟಿತು.

ಮರುವಾರ ಅವಳೇ, ತನಗೂ ರೇಡಿಯೊದಲ್ಲಿ ಮಾತಾಡಬೇಕೆಂದು ಕೇಂದ್ರಕ್ಕೆ ಬಂದಳು. ಧ್ವನಿ ಪರೀಕ್ಷೆಯಲ್ಲಿ ಫೇಲಾದಳು. ‘ಭಾಷೆ’ ಅವಳ ಬಾಯಲ್ಲಿ ‘ಬಾಷೆ’ ಆಗುತ್ತಿತ್ತು. ಮಳೆಗಾಲ ಪೂರ್ತಿ ಸಂಜೆ ಕೂರಿಸಿಕೊಂಡು ಓದಿಸಿದೆ. ಮತ್ತೊಮ್ಮೆ ಪರೀಕ್ಷೆ ಕೊಟ್ಟಳು, ಪಾಸಾದಳು.

ಈಗ ಸಂಜೆಯ ಯುವಜನರ ಕಾರ್ಯಕ್ರಮ ಅವಳದ್ದು. ಶುರುವಿಗೇ ನಮ್ಮ ಅಧಿಕಾರಿಯ ಹತ್ತಿರ ಹಟ ಹಿಡಿದಳು: “ಪತ್ರ ಯಾರು ಬರೀತಾರೆ ಸರ್? ವಾಯ್ಸ್ ಮೆಸೇಜ್ ತಗೊಳ್ಳುವ.” ಅವರು ಅನುಮಾನದಿಂದ ನನ್ನ ಮುಖ ನೋಡಿದರು. “ಹಾಕುವ ಸರ್, ಎಂತ ಆಗುವುದಿಲ್ಲ” ಎಂದೆ.

ಸುರತ್ಕಲ್ಲಿನ ಹಾಸ್ಟೆಲಿನಿಂದ, ಸಿಟಿ ಬಸ್ಸಿನಿಂದ, ಬಂದರಿನ ಗೋದಾಮಿನಿಂದ ಮಾತು ಬರತೊಡಗಿತು. ತುಳು, ಬ್ಯಾರಿ, ಕೊಂಕಣಿ, ಅದರ ನಡುವೆ ಹಾರ್ನ್ ಸದ್ದು. ಕಳಿಸುವವರಲ್ಲಿ ಹೆಚ್ಚಿನವರ ಮನೆಯಲ್ಲಿ ರೇಡಿಯೊ ಇಲ್ಲ. ಆ್ಯಪಿನಲ್ಲಿ ಕೇಳುತ್ತಾರೆ, ತಮ್ಮ ಮಾತು ಬಂದ ತುಂಡನ್ನು ಸ್ಟೇಟಸ್ಸಿಗೆ ಹಾಕಿಕೊಳ್ಳುತ್ತಾರೆ. ರೇಡಿಯೊ ಪೆಟ್ಟಿಗೆ ಹೋದರೆ ಹೋಗಲಿ. ಒಬ್ಬರು ಹೇಳಲಿಕ್ಕೆ, ಇನ್ನೊಬ್ಬರು ಕೇಳಲಿಕ್ಕೆ ಇರುವ ತನಕ ನನ್ನ ಕೆಲಸಕ್ಕೇನೂ ಆಗುವುದಿಲ್ಲ ಎಂಬ ಧೈರ್ಯ ನನಗಿದೆ.

ಮೊನ್ನೆ ಅವಳು ನನ್ನನ್ನು ಸ್ಟುಡಿಯೊ ಬಾಗಿಲಲ್ಲೇ ತಡೆದಳು. “ಮೆಸೇಜ್ ತುಂಬ ಉಂಟು, ಟೈಮ್ ಸಾಕಾಗುವುದಿಲ್ಲ. ನಿಮ್ಮ ಚಿತ್ರಗೀತೆಯ ಅರ್ಧ ಗಂಟೆ ನಮಗೆ ಕೊಡಿ ಮಾರಾಯ್ರೆ.”

ಕೊಟ್ಟೆ.