ನೀಲವ್ವ ಕಾಕಿಯ ಔಡಲೆಣ್ಣೆ

ಊರವರೆಲ್ಲ ಎದುರಿಗೆ ಸಿಕ್ಕವರನ್ನು "ಊಟ ಆತೇನ್ರಿ?" ಎಂದು ಕೇಳಿದರೆ, ನಮ್ಮ ನೀಲವ್ವ ಕಾಕಿ "ಹೊಟ್ಟಿ ಹಗರ ಐತೇನ್ರಿ?" ಎಂದು ಕೇಳುತ್ತಿದ್ದಳು. ಮಕ್ಕಳಾದರೆ ಕೇಳುವ ಗೋಜೂ ಇಲ್ಲ. ಗದ್ದ ಹಿಡಿದು, "ಆ ಅನ್ನು" ಎಂದು ನಾಲಿಗೆ ನೋಡಿಯೇ ಬಿಡುತ್ತಿದ್ದಳು. ನೆಗಡಿ ಇರಲಿ, ಕಣ್ಣುಬೇನೆ ಇರಲಿ, ಪರೀಕ್ಷೆಯಲ್ಲಿ ನಪಾಸಾಗಿರಲಿ, ಅವಳ ಪ್ರಕಾರ ಕಾರಣ ಒಂದೇ: "ಹೊಟ್ಯಾಗ ಹೊಲಸ ಕುಂತೈತಿ."

ಕಾಕಿ ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ಗಡಿಯಾಚೆ ಜತ್ತಿನ ಹತ್ತಿರದ ಬಿಳೂರಿನಲ್ಲಿ ನಮ್ಮದು ಕೂಡು ಮನೆ, ಮುಂದುಗಡೆ ಕಿರಾಣಿ ಅಂಗಡಿ. ಅಮಾವಾಸ್ಯೆಗೆ ಹೋಳಿಗೆ ಉಂಡವರು ಮರುದಿನ ಪಾಡ್ಯದ ಬೆಳಗ್ಗೆ ಕಾಕಿಯ ಕೈಯಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ತಾನೇ ಔಡಲ ಬೀಜ, ಅಂದರೆ ಹರಳು, ಹುರಿದು, ಕುಟ್ಟಿ, ಕುದಿಸಿ ತೆಗೆದ ಎಣ್ಣೆಯನ್ನು ಶುಂಠಿ ಕಷಾಯದಲ್ಲಿ ಬೆರೆಸಿ ನಮ್ಮನ್ನು ಸಾಲಾಗಿ ಕೂರಿಸುತ್ತಿದ್ದಳು. ಮೂಗು ಹಿಡಿಯುವವಳೂ ಅವಳೇ, ಆಮೇಲೆ ಬಾಯಿಗೆ ಬೆಲ್ಲದ ಚೂರು ಹಾಕುವವಳೂ ಅವಳೇ. ದಿನವೆಲ್ಲ ಬಿಸಿನೀರು, ಸಂಜೆಗೆ ಹೆಸರುಬೇಳೆಯ ಕಟ್ಟು. ಅದರಿಂದ ಗುಣವಾಗುತ್ತಿತ್ತೇ ಎಂದು ಈಗ ಮೊಮ್ಮಕ್ಕಳು ಕೇಳುತ್ತಾರೆ. ಸುಳ್ಳೇಕೆ ಹೇಳಲಿ, ಮರುದಿನ ಮೈ ಹಗುರಾಗುತ್ತಿತ್ತು, ಒಣ ರೊಟ್ಟಿಯೂ ಹೋಳಿಗೆಯಂತೆ ರುಚಿಸುತ್ತಿತ್ತು. ಅದು ಎಣ್ಣೆಯ ಗುಣವೋ ಹಸಿವಿನ ಗುಣವೋ, ದೇವರೇ ಬಲ್ಲ.

ಒಮ್ಮೆ ಶಾಲೆಯ ಮರಾಠಿ ಮಾಸ್ತರರು ಅಂಗಡಿಗೆ ಬಂದವರು, ತಲೆನೋವೆಂದು ಹಣೆ ಒತ್ತಿಕೊಂಡರು. ಒತ್ತಿಕೊಂಡದ್ದೇ ತಪ್ಪಾಯಿತು. ಕಾಕಿ ಬಟ್ಟಲು ಹಿಡಿದೇ ಹೊರಗೆ ಬಂದಳು. ಮರುದಿನ ಶಾಲೆಯಲ್ಲಿ ಮಾಸ್ತರರೇ ಇಲ್ಲ. ನಾವು ಆಡಿದ್ದೇ ಆಡಿದ್ದು. ಅದರಾಚೆಯ ದಿನ ಅವರು ಗೋಡೆ ಹಿಡಿದುಕೊಂಡು ಬಂದು, "ವೈನಿ, ತಲಿನೋವು ಹೋತ್ರಿ. ತಲಿ ಐತಿ ಅನ್ನೂದ ಮರತು ಹೋಗಿತ್ತು" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರೂ ಕಾಕಿ ನಗಲಿಲ್ಲ. "ನೋಡ್ರಿ ಮತ್ತ, ನಾ ಹೇಳಲಿಲ್ಲೇನು?" ಎಂದಳು.

ಈ ನಂಬಿಕೆ ಅವಳಿಗೆ ಎಲ್ಲಿಂದ ಬಂತೆಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಮದುವೆಯಾಗಿ ಎಷ್ಟೋ ವರ್ಷವಾದರೂ ಅವಳಿಗೆ ಮಕ್ಕಳಾಗಿರಲಿಲ್ಲ. ಗುಡ್ಡಾಪುರಕ್ಕೆ ನಡೆದು ಹೋಗಿ ದಾನಮ್ಮ ದೇವಿಯ ಉಡಿ ತುಂಬಿ ಬಂದಿದ್ದಳು. ಅಲ್ಲಿ ಸಿಕ್ಕ ಒಬ್ಬ ವೈದ್ಯ, ಮೊದಲು ಹೊಟ್ಟೆ ಸ್ವಚ್ಛ ಮಾಡಿಕೋ, ಕೂಸು ತಾನೇ ನಿಲ್ಲುತ್ತದೆ ಎಂದಿದ್ದನಂತೆ. ಅಂದಿನಿಂದ ಹಿಡಿದ ವ್ರತ. ನಮಗೆ ಒಂದು ಚಮಚೆಯಾದರೆ ತನಗೆ ಅರ್ಧ ಬಟ್ಟಲು, ಮೇಲೆ ಬೇವಿನ ರಸ, ಉಪವಾಸ ಬೇರೆ. "ಸಾಕ ಮಾಡ ನೀಲಾ, ಎಲವು ಕಾಣಾಕ ಹತ್ಯಾವ" ಎಂದು ನಮ್ಮವ್ವ ಬೈದರೆ, "ಯಕ್ಕಾ, ಹೊಲಸ ಮನ್ಯಾಗ ಅಯ್ಯನೋರು ಪಾದಾ ಇಡತಾರೇನು? ಕೂಸಿಂದೂ ಹಂಗ. ನಾ ಚೊಕ್ಕ ಮಾಡಿ ಇಟ್ಟಿರತೇನಿ, ಬರೂದು ಅದಕ್ಕ ಬಿಟ್ಟಿದ್ದು" ಎನ್ನುತ್ತಿದ್ದಳು. ಕೂಸು ಎನ್ನುವಾಗ ಅವಳ ದನಿ ಮೆತ್ತಗಾಗುತ್ತಿತ್ತು.

ಒಂದು ಬೇಸಿಗೆ, ಶೇಂಗಾ ಹುರಿದ ವಾಸನೆ ಬಂದರೆ ಸಾಕು, ಅವಳಿಗೆ ಓಕರಿಕೆ ಬರತೊಡಗಿತು. ಮುಟ್ಟು ತಪ್ಪಿತ್ತು. ಆದರೆ ಉಪವಾಸದಿಂದ ಸೊರಗಿದ ಮೈಯಲ್ಲಿ ಅದು ತಪ್ಪುವುದು ಹೊಸದಲ್ಲ. ತಿಳಿದು ಹೇಳಬೇಕಾದ ಅವ್ವ ಬಾಲಗಾಂವದ ತವರಿಗೆ ಹೋಗಿದ್ದಳು. "ಪಿತ್ತ ಏರೈತಿ ಗಂಗೂ" ಎಂದು ನನಗೆ ಹೇಳಿ, ಪಾಡ್ಯಕ್ಕೂ ಕಾಯದೆ, ಯಾವತ್ತಿಗಿಂತ ಹೆಚ್ಚೇ ಎಣ್ಣೆ ಕುಡಿದಳು. ಸಂಜೆಯ ಹೊತ್ತಿಗೆ ಗೋಡೆಗೆ ಒರಗಿ ಹಲ್ಲು ಕಚ್ಚಿಕೊಂಡು ಕುಳಿತಿದ್ದಳು. ಸೀರೆಯೆಲ್ಲ ರಕ್ತ. ಕಾಕಾ ಓಡಿ ಹೋಗಿ ಸೂಲಗಿತ್ತಿಯನ್ನು ಕರೆತಂದ. ಅವಳು ನೋಡಿದವಳೇ ಹಣೆ ಬಡಿದುಕೊಂಡಳು: "ಬಸರ ನಿಂತಿತ್ತಲ್ಲ ನಮ್ಮವ್ವಾ! ಯಾರಿಗೂ ತಿಳೀಲಿಲ್ಲೇನು?"

ಸುದ್ದಿ ಕೇಳಿ ಅವ್ವ ಬಂದಾಗ ಕಾಕಿ ಅಳುತ್ತಿರಲಿಲ್ಲ. ಅವ್ವನ ಕೈ ಹಿಡಿದುಕೊಂಡು, "ಬಂದಿತ್ತಂತ ಯಕ್ಕಾ. ನನ್ನ ಬಾಗಲಾಗ ಬಂದು ನಿಂತಿತ್ತಂತ. ನಾನ ಕಸದ ಜೋಡಿ ಹೊಡದು ಹೊರಗ ಹಾಕಿದೆ" ಎಂದಳು. ಅಯ್ಯೋ ಶಿವನೇ, ಎಂಥಾ ಮಾತು!

ಆಮೇಲೆ ಕಾಕಿ ಯಾರ ನಾಲಿಗೆಯನ್ನೂ ನೋಡಲಿಲ್ಲ. ಹೊಟ್ಟೆನೋವೆಂದು ಬಂದ ಓಣಿಯ ಹೆಂಗಸರಿಗೆ, "ನನಗೇನೂ ತಿಳಿಯೂದಿಲ್ಲವ್ವಾ, ಜತ್ತಿಗಿ ಹೋಗಿ ಡಾಕ್ಟರಿಗಿ ತೋರಸ್ರಿ" ಎನ್ನುತ್ತಿದ್ದಳು. ಮತ್ತೆ ಬಸಿರು ನಿಲ್ಲಲಿಲ್ಲ. ಕಾಕಾ ಅವಳಿಗೆ ಒಂದು ಬಿರುಸು ಮಾತೂ ಆಡಲಿಲ್ಲ. ಬೈದಿದ್ದರಾದರೂ ಅತ್ತು ಹಗುರಾಗುತ್ತಿದ್ದಳೇನೋ.

ವರ್ಷಗಳು ಕಳೆದು ನನ್ನ ಮದುವೆಯಾಯಿತು. ಮೊದಲ ಬಸಿರಿನಲ್ಲಿ ಗಂಡನ ಮನೆಯವರು ನನ್ನನ್ನು ಮಿರಜಿನ ಡಾಕ್ಟರಿಗೆ ತೋರಿಸಿದರು. ನಾಚಿಕೆ ಬಿಟ್ಟು ಕಾಕಿಯ ಸಂಗತಿ ಕೇಳಿದೆ. ಮೊದಲ ತಿಂಗಳುಗಳಲ್ಲಿ ಎಷ್ಟೋ ಬಸಿರು ತಾವಾಗಿಯೇ ಹೋಗುತ್ತವೆ, ಎಣ್ಣೆಯಿಂದಲೇ ಹೋಯಿತೆಂದು ಹೇಳಲಾಗದು ಎಂದರು. ಬಸುರಿಗೆ ಮಾಡುವ ಕುಬಸದ ಶಾಸ್ತ್ರಕ್ಕೆಂದು ತವರಿಗೆ ಬಂದವಳು, ಕಾಲು ತೊಳೆದುಕೊಳ್ಳುವುದರೊಳಗೇ ಕಾಕಿಗೆ ಅದನ್ನು ಹೇಳಿದೆ. ಅವಳು ಕೇಳಿಸಿಕೊಂಡಳು. "ಡಾಕ್ಟರ್ ಶಾಣ್ಯಾ ಇದ್ದಾರು, ಇಲ್ಲ ಅನ್ನೂದಿಲ್ಲ. ಖರೆ ಗಂಗೂ, ಕುಡದಾಕಿ ನಾನಲ್ಲ?" ಎಂದಳು.

ಅಷ್ಟರಲ್ಲಿ ಕೂಸು ಒಳಗೆ ಒದೆಯಿತು. "ಇಲ್ಲಿ ನೋಡ ಕಾಕಿ, ಹೆಂಗ ಒದಿಯಾಕ ಹತ್ತೈತಿ" ಎಂದು ಅವಳ ಕೈಯನ್ನು ನನ್ನ ಹೊಟ್ಟೆಯ ಮೇಲಿಡಲು ಹೋದೆ. ಕೆಂಡ ಮುಟ್ಟಿದವಳಂತೆ ಎಳೆದುಕೊಂಡು ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಬ್ಯಾಡ ನನ್ನವ್ವಾ. ಈ ಕೈ ಬ್ಯಾಡ. ಅದು ಅಲ್ಲೇ ಆರಾಮ ಕುಂತಿರಲಿ" ಎಂದಳು. ಎಷ್ಟು ಬೇಡಿಕೊಂಡರೂ ಮುಟ್ಟಲಿಲ್ಲ.

ಕೂಸು ಹುಟ್ಟುವ ಮೊದಲೇ ಕಾಕಿ ಜ್ವರದಲ್ಲಿ ತೀರಿಕೊಂಡಳು. ಬಸುರಿಯಾದವಳು ಹೆಣ ನೋಡಬಾರದೆಂದು ನನ್ನನ್ನು ಒಳಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರು. ಹೊರಗೆ ಭಜನೆಯ ದನಿ ಅಂಗಳ ಬಿಟ್ಟು ಓಣಿಗೆ ಇಳಿಯಿತು. ನಾನು ಬಾಗಿಲಿಗೆ ಹಣೆ ಹಚ್ಚಿ ಗಟ್ಟಿಯಾಗಿ ಅತ್ತೆ. ಹೊಟ್ಟೆಯೊಳಗಿನ ಕೂಸು ತನ್ನ ಪಾಡಿಗೆ ಆಡುತ್ತಲೇ ಇತ್ತು.