ಬಿಸಿಲಿಗಿಟ್ಟ ಹಳ್ಳದ ನೀರು

ಕ್ಯಾಪ್ಸೂಲ್ ನುಂಗಲು ನನಗೆ ಬರುವುದಿಲ್ಲ. ಮೊನ್ನೆ ಕೆಮ್ಮಿಗೆ ಡಾಕ್ಟರು ಕೊಟ್ಟಿದ್ದನ್ನು ಬಿಚ್ಚಿ ಜೇನಿನಲ್ಲಿ ಕಲಸಲು ಹೋದೆ. ಹಳದಿ ಪುಡಿಯ ಕಹಿ ವಾಸನೆ ಮೂಗಿಗೆ ಬಡಿಯಿತು. ಕೈ ಅಲ್ಲೇ ನಿಂತಿತು... ಅಕ್ಕೋರ ಕೋಣೆಯ ವಾಸನೆ ಅದು.

ಗಾಜಿಪುರದ ನಮ್ಮ ಮನೆಯ ಮಾಳಿಗೆಯ ಕೋಣೆಯಲ್ಲಿ ಅವರು ಬಾಡಿಗೆಗಿದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ ಪಿಎಚ್‌ಡಿಯನ್ನೂ ಮಾಡುತ್ತಿದ್ದರು. ನನಗಿಂತ ಬಹಳ ಚಿಕ್ಕವರು. ಆದರೂ ಕಲಿಸುವವರೆಂದು ನಾನು ಅಕ್ಕೋರೇ ಎನ್ನುತ್ತಿದ್ದೆ. ಯಜಮಾನರು ತೀರಿಕೊಂಡ ಮೇಲೆ ಈ ಮನೆಯಲ್ಲಿ ಕೇಳುತ್ತಿದ್ದದ್ದು ಅವರ ಹೆಜ್ಜೆ ಸಪ್ಪಳವೊಂದೇ.

ಊರೆಲ್ಲ ಬಾಗಿಲು ಹಾಕಿಕೊಂಡು ಮಲಗುವ ಮಧ್ಯಾಹ್ನದ ಉರಿಯಲ್ಲಿ ಅವರು ಗಾಜಿನ ಬಟ್ಟಲುಗಳನ್ನು ಮಾಳಿಗೆಯ ಮೇಲೆ ಇಡುತ್ತಿದ್ದರು. ನೀರಿನಲ್ಲಿ ಇಂಥದೇ ಹಳದಿ ಔಷಧ, ಅದಕ್ಕೊಂದು ಚಿಟಿಕೆ ಬಿಳಿ ಪುಡಿ. ಬಿಸಿಲು ತಾಗಿದರೆ ಆ ಪುಡಿ ಔಷಧವನ್ನು ಒಡೆದುಹಾಕುತ್ತದಂತೆ. ಯಾಕಿದೆಲ್ಲ ಎಂದು ಕೇಳಿದ್ದೆ.

“ಕಮಲಾಪುರದಾಗ ನಮ್ಮ ಹಳ್ಳದ ದಂಡಿಗೆ ಕೋಳಿ ಫಾರಂ ಆಗ್ಯಾವ್ರಿ ಕಾಕಿ. ಕೋಳಿಗೆ ಹಾಕಿದ ಔಷಧ ಹಳ್ಳಕ್ಕೇ ಬರ್ತದ. ರೋಗದ ಹುಳಕ್ಕ ಅದು ರೂಢಿ ಆಯ್ತಂದ್ರ, ನಾಳೆ ಮನಷ್ಯಾಗ ಕೊಟ್ಟ ಔಷಧ ನಾಟಂಗಿಲ್ಲ.”

ಶುದ್ಧ ನೀರಿನಲ್ಲಿ ಹಳದಿ ಸಂಜೆಯೊಳಗೆ ಮಾಯವಾಗುತ್ತಿತ್ತು. ಹಳ್ಳದ ನೀರಿನಲ್ಲಿ ಹೋಗುತ್ತಿರಲಿಲ್ಲ. ರಾಡಿ ಬೆಳಕನ್ನು ತಡೆಯುತ್ತದೆ, ಪುಡಿಯನ್ನೇ ಬೇರೆ ರೀತಿ ಮಾಡಬೇಕು ಎನ್ನುತ್ತಿದ್ದರು. ತಮ್ಮೂರ ನೀರಿಗೆ ಆಗದಿದ್ದರೆ ಈ ಓದು ಯಾತಕ್ಕೆ ಎಂಬುದೇ ಅವರ ಕೊರಗು.

ಒಂದು ಬೇಸಿಗೆಯಲ್ಲಿ ಹೊಸ ಪುಡಿ ಹಾಕಿ ಹಳ್ಳದ ನೀರಿಟ್ಟು ಕಾಲೇಜಿಗೆ ಹೋಗಿದ್ದರು. ಅಂದೇ ಅವರ ತಾಯಿ ಊರಿಂದ ಕೆಂಪು ಬಾಳೆಹಣ್ಣು ಹೊತ್ತು ಬಂದರು. ಮಾಳಿಗೆ ಹತ್ತಿದವರೇ ಬಟ್ಟಲುಗಳನ್ನೆಲ್ಲ ನೆರಳಿಗೆ ಸರಿಸಿ, ಒದ್ದೆ ಬಟ್ಟೆ ಹೊದಿಸಿಬಿಟ್ಟರು. ನಮ್ಮ ಕಡೆ ನೀರನ್ನು ಬಿಸಿಲಿಗೆ ಬಿಡುವವರು ಯಾರು? ಸಂಜೆ ಬಂದು ನೋಡಿದ ಅಕ್ಕೋರು ಮೆಟ್ಟಿಲ ಮೇಲೆ ಕುಸಿದು ಕೂತರು.

“ಯವ್ವಾ, ಏನ್ ಮಾಡ್ದಿ?”

“ಏನ್ ಮಾಡ್ದಿ ಅಂದ್ರ? ಇಷ್ಟ್ ಓದೀದಿ, ನೀರು ನೆಳ್ಳಾಗ ಇಡಬೇಕನ್ನೋ ಅಕಲ್ ಇಲ್ಲೇನ? ಬಿಸಲಾಗಿನ ನೀರ್ ಎಮ್ಮಿ ಸುದ್ದಾ ಕುಡ್ಯಂಗಿಲ್ಲ!”

ಅಳು ಬರಬೇಕಾಗಿದ್ದ ಅಕ್ಕೋರಿಗೆ ನಗು ಬಂತು. ಮರುದಿನ ಮತ್ತೆ ಇಟ್ಟರು. ಈ ಸಲ ತಾಯಿಯೇ ಸೆರಗು ಹೊದ್ದು, ಕಾಗೆ ಬಾಯಿ ಹಾಕದಂತೆ ಕಾವಲು ಕೂತರು. ಸಂಜೆಗೆ ಹಳದಿ ತೆಳುವಾಗಿತ್ತು, ಪೂರ್ತಿ ಹೋಗಿರಲಿಲ್ಲ. ಬಣ್ಣ ಹೋದರೆ ಸಾಲದು, ಕಾಲೇಜಿನ ಯಂತ್ರವೂ ಒಪ್ಪಬೇಕು ಎಂದು ಆ ನೀರನ್ನು ಒಯ್ದರು. ಮರಳಿ ಬಂದವರು ಕೆಳಗಿನಿಂದಲೇ ಕೂಗಿದರು: “ಸ್ವಲ್ಪ ಹೋಗ್ಯಾದ್ರಿ ಕಾಕಿ, ಸ್ವಲ್ಪ!” ಅಷ್ಟಕ್ಕೇ ಅವರ ಮುಖ ಹೇಗೆ ಅರಳಿತ್ತು...

ಮುಂದಿನ ವರ್ಷ ಅವರಿಗೆ ಕಿಡ್ನಿಯ ಸೋಂಕಾಯಿತು. ಆಸ್ಪತ್ರೆಯಲ್ಲಿ ಒಂದು ಔಷಧ ಬಿಟ್ಟು ಇನ್ನೊಂದು ಹಾಕಿ ನೋಡಿದರು. ಯಾವುದೂ ನಾಟಲಿಲ್ಲ. ಅವರು ಹೋದ ಮೇಲೆ ಮಾಳಿಗೆಯ ಕೋಣೆಗೆ ಬೀಗ ಹಾಕಿದೆ.

ಕ್ಯಾಪ್ಸೂಲ್ ಬಿಚ್ಚಿದ ಮರುದಿನ ಕಮಲಾಪುರದ ಬಸ್ಸು ಹತ್ತಿದೆ. ಅಕ್ಕೋರ ತಾಯಿ ಚಹಾ ಕೊಟ್ಟು ಎದುರಿಗೆ ಕೂತರು.

“ನೀರಾಗಿನ ಔಷಧ ತೆಗೀತಿದ್ಲು,” ಎಂದರು. “ಆಕಿ ಮೈಗೆ ಒಂದರ ಔಷಧ ಹತ್ತಬಾರದಾಗಿತ್ತೇನ್ರಿ?”

ಅವರ ಕೈ ಹಿಡಿದುಕೊಂಡು ಕೂತೆ.

ಸಂಜೆ ಮನೆಗೆ ಬಂದಾಗ ಬಾಗಿಲಲ್ಲಿ ಯಾರೋ ನಿಂತಿದ್ದರು. “ಮ್ಯಾಲಿನ ಖೋಲಿ ಖಾಲಿ ಅದ ಏನ್ರಿ?” ಎಂದು ಕೇಳಿದರು.

ಇಲ್ಲ, ಅಕ್ಕೋರಿದ್ದಾರೆ ಎಂದುಬಿಟ್ಟೆ.