ಕಿತ್ತು ಬಂದ ಕಿಟಕಿ, ಹೋಗದ ಕರೆಂಟು

ಅವತ್ತು ಕರೆಂಟು ಹೋಗಿರಲಿಲ್ಲ ಎಂಬ ಒಂದು ಮಾತನ್ನು ನಾನು ತಂಗಿಗೆ ಬಹಳ ದಿನ ಹೇಳಲಿಲ್ಲ. ಬಾಯಿ ಇತ್ತು, ಸಮಯವೂ ಇತ್ತು. ಮಳೆಗಾಲದಲ್ಲಿ ಬೋಟು ದಡ ಹತ್ತಿದ ಮೇಲೆ ಕಾರವಾರದ ಮೀನುಗಾರನಿಗೆ ಸಮಯಕ್ಕೇನು ಬರ? ಆದರೂ ಹೇಳಲಿಲ್ಲ.

ತಂಗಿ ಆಗ ಮನೆಯಲ್ಲಿದ್ದೇ ಬಿ.ಎ. ಓದುತ್ತಿದ್ದಳು. ಪಾಠದ ಸಿಡಿಗಳನ್ನು ಅಂಕೋಲೆಯ ಒಂದು ಕೇಂದ್ರದಿಂದ ತರುತ್ತಿದ್ದಳು. ಒಬ್ಬರು ನೋಡಿ ಮರಳಿಸಿದ ಮೇಲೆ ಇನ್ನೊಬ್ಬರ ಸರದಿ. ನಮ್ಮ ಹಳೇ ಕಂಪ್ಯೂಟರಿನಲ್ಲಿ ಅವಳು ಟಿಪ್ಪಣಿ ಬರೆದುಕೊಳ್ಳುವ ಪ್ರೋಗ್ರಾಂ ಒಂದಿತ್ತು. ಅದರ ಹಾಳೆಯನ್ನು ಮೌಸಿನಲ್ಲಿ ಹಿಡಿದೆಳೆದರೆ ದೊಡ್ಡ ಕಿಟಕಿಯಿಂದ, ಅಂದರೆ ವಿಂಡೋದಿಂದ, ಚಿಕ್ಕ ಕಿಟಕಿಯಾಗಿ ಕಿತ್ತು ಬರುತ್ತಿತ್ತು. ಅದನ್ನು ಪರದೆಯ ಮೂಲೆಗಿಟ್ಟು, ಪಕ್ಕದಲ್ಲಿ ಪಾಠದ ವಿಡಿಯೊ ಓಡಿಸಿ, ಮೇಷ್ಟ್ರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಳು. ಬೇರೆ ಏನು ತೆರೆದರೂ ಅದು ಎಲ್ಲದರ ಮೇಲೇ ಕೂತಿರುತ್ತಿತ್ತು.

ನಾನು ಏಳನೇ ಇಯತ್ತೆಗೇ ಶಾಲೆಗೆ ಕೈ ಮುಗಿದವನು. ಆದ್ದರಿಂದ ಎಲ್ಲದರ ಬಗ್ಗೆಯೂ ನನಗೊಂದು ಅಭಿಪ್ರಾಯ ಇತ್ತು.

"ಇದು ನಮ್ ಡಿಂಗಿ ಇದ್ದಂಗೆ ಅದೆ," ಎಂದೆ. ಡಿಂಗಿ ಎಂದರೆ ದೊಡ್ಡ ಬೋಟಿನ ಬೆನ್ನಿಗೆ ಕಟ್ಟಿ ಒಯ್ಯುವ ಪುಟ್ಟ ದೋಣಿ.

"ಹೌದಾ ದಾದಾ? ಹಂಗಾರೆ ನೀ ಹಗ್ಗ ಬಿಚ್ಚೂಕೆ ಹೋಗಬೇಡ."

ಪರೀಕ್ಷೆ ಹತ್ತಿರ ಬಂದಾಗ ಅತಿ ಕಷ್ಟದ ಪಾಠವೊಂದನ್ನು ಬೆಳಗಿನಿಂದ ಕೂತು ಬರೆದಳು. ಸಿಡಿಯನ್ನು ಅವತ್ತೇ ಮರಳಿಸಬೇಕಿತ್ತು. ಅವಳ ಪಾಲಿಗೆ ಸೇವ್ ಮಾಡುವುದು ಎಲ್ಲ ಬರೆದಾದ ಮೇಲಿನ ಕೆಲಸ, ಊಟವಾದ ಮೇಲೆ ಕೈ ತೊಳೆದಂತೆ. ಇನ್ನೆರಡು ಸಾಲು ಬಾಕಿ ಇಟ್ಟು ಅಂಕೋಲೆ ಬಸ್ಸಿಗೆ ಓಡಿದಳು. "ಬಂದು ಮುಗಿಸ್ತೆ. ಮುಟ್ಟಬೇಡ," ಎಂದು ಹೇಳಿಯೇ ಹೋದಳು.

ನಾನು ಇಸ್ಪೀಟಾಟ ತೆರೆದೆ. ಎಲೆಗಳು ಕೆಸರಿನಲ್ಲಿ ನಡೆದಂತೆ ಸರಿಯುತ್ತಿದ್ದವು. ಕಂಪ್ಯೂಟರಿಗೆ ಭಾರ ಹೆಚ್ಚಾಗಿದೆ ಎಂದು ಪಂಡಿತನ ಹಾಗೆ ತೀರ್ಮಾನಿಸಿದೆ. ಹುಡುಕಿದರೆ ಹಿಂದೆ ಆ ದೊಡ್ಡ ಕಿಟಕಿ ಖಾಲಿ ಬಿದ್ದಿತ್ತು. ಬರೆದದ್ದೆಲ್ಲ ಡಿಂಗಿಯಲ್ಲಿದೆ, ಖಾಲಿ ಬೋಟು ಯಾಕೆ? ಹಗ್ಗ ಬಿಚ್ಚಿ ಬೋಟು ಬಂದರಿಗೆ ಹೋದರೂ ಡಿಂಗಿ ನೀರಲ್ಲೇ ಇರುತ್ತದೆ, ಇದು ನಮ್ಮ ಕೇರಿಯ ಕೂಸಿಗೂ ಗೊತ್ತು. ದೊಡ್ಡದನ್ನು ಮುಚ್ಚಿದೆ.

ಕಂಪ್ಯೂಟರು ಇಂಗ್ಲಿಷಿನಲ್ಲಿ ಏನೋ ಕೇಳಿತು. ಓದಲು ಬಾರದ ಕಾಗದಕ್ಕೆ ಹೂಂ ಅನ್ನಬೇಡ ಎಂದು ಅಪ್ಪ ಹೇಳುತ್ತಿದ್ದ. 'ನೋ' ಒತ್ತಿದೆ. ಅಪ್ಪನ ಮಾತನ್ನು ನಾನು ಶಿಸ್ತಾಗಿ ಪಾಲಿಸಿದ್ದು ಬಹುಶಃ ಅದೊಂದೇ ಸಲ. ಬೋಟಿನ ಜೊತೆ ಡಿಂಗಿಯೂ, ಅದರಲ್ಲಿ ತಂಗಿ ಬರೆದದ್ದೆಲ್ಲವೂ ಮುಳುಗಿತು. ಇಸ್ಪೀಟಾಟ ಮಾತ್ರ ಚೆನ್ನಾಗಿ ಓಡಿತು.

ಸಂಜೆ ತಂಗಿ ಬಂದು ಪರದೆಯಲ್ಲಿ ತನ್ನ ಹಾಳೆ ಹುಡುಕಿದಳು.

"ಕರೆಂಟ್ ಹೋಗಿತ್ತು," ಎಂದೆ.

ನಂಬಿದಳು. ಯಾರಾದರೂ ನಂಬುತ್ತಿದ್ದರು. ಇಲ್ಲೇ ಕದ್ರಾ ಅಣೆಕಟ್ಟಿನಲ್ಲಿ ಹುಟ್ಟುವ ಕರೆಂಟು ನಮ್ಮ ಕೇರಿಗೆ ಬರುವಷ್ಟರಲ್ಲಿ ಎಷ್ಟೋ ಸಲ ದಾರಿ ತಪ್ಪಿಸಿಕೊಳ್ಳುತ್ತಿತ್ತು. ಸಿಡಿ ಆಗಲೇ ಬೇರೆಯವರ ಮನೆ ಸೇರಿತ್ತು. ನೆನಪಿದ್ದಷ್ಟನ್ನು ಮತ್ತೆ ಬರೆದಳು. ಪರೀಕ್ಷೆಯಲ್ಲಿ ಅದೇ ಪಾಠದ ದೊಡ್ಡ ಪ್ರಶ್ನೆ ಬಂತು. ಆ ಒಂದು ವಿಷಯ ಹೋಯಿತು. ಪಾಸಾಗಲು ಇನ್ನೊಂದು ವರ್ಷ ಕಾಯಬೇಕಾಯಿತು. ನಾನು ಮನೆಮಂದಿಯ ಜೊತೆ ಕೂತು ಕರೆಂಟಿನವರನ್ನು ಬಯ್ದೆ, ಎಲ್ಲರಿಗಿಂತ ಜೋರಾಗಿ.

ಫಲಿತಾಂಶ ಬಂದ ಮಾರನೇ ದಿನ ನಮ್ಮ ಮನೆ ಎದುರಿನ ಕಂಬಕ್ಕೆ ಲೈನ್‌ಮನ್ ಏಣಿ ಹಚ್ಚಿದ. ಬುಡ ಹಿಡಿದುಕೊಂಡವನು ನಾನು. ತಂಗಿ ಅಂಗಳಕ್ಕೆ ಬಂದಳು.

"ನಿಮ್ ಕರೆಂಟಿನಿಂದ ನಂದೊಂದು ವರ್ಷ ಹೋಯ್ತು, ಗೊತ್ತದೆಯಾ?"

ಅವನು ಯಾವ ದಿನ ಎಂದು ಕೂಡ ಕೇಳಲಿಲ್ಲ. ಬಯ್ಗುಳ ತಿಂದು ತಿಂದು ಅಭ್ಯಾಸವಾದವನು. ಮೇಲಿನಿಂದಲೇ, "ತಪ್ಪಾಯ್ತು ಅಕ್ಕಾ. ಇನ್ಮೇಲೆ ನೋಡ್ಕಂತೆ," ಎಂದ.

ಮಾಡದ ತಪ್ಪಿಗೆ ಅವನು ಎಷ್ಟು ಸಲೀಸಾಗಿ ಕೇಳಿಬಿಟ್ಟ ಕ್ಷಮೆ. ಏಣಿ ಬಿಟ್ಟು ಓಡಿದ್ದರೆ ಅವನು ಬೀಳುತ್ತಿದ್ದ, ಹಾಗಾಗಿ ಅಲ್ಲೇ ನಿಂತೆ.

"ಅಂವ ಎಂತಕ್ಕೆ ತಪ್ಪಾಯ್ತು ಅನ್ನಬೇಕು," ಎಂದೆ. ತಂಗಿ ನನ್ನತ್ತ ತಿರುಗಿದಳು. "ಅವತ್ತು ಕರೆಂಟ್ ಹೋಗಿರ್ಲಿಲ್ಲ ತಂಗೀ. ನೀ ಬೇಡ ಅಂದ್ರೂ ನಾನೇ ಹಗ್ಗ ಬಿಚ್ಚಿದ್ದು. ಮತ್ತೆ ಸುಳ್ಳೂ ಹೇಳ್ದೆ. ನಂದೇ ತಪ್ಪು. ಕ್ಷಮಿಸು."